ನಗುವವಳಿಗೆ ಕಟ್ಟಿದ ತಾಯಿತ

ನಮ್ಮ ಮನೆಗೆ ಮದ್ರಾಸ್ ಐ ಬಂದದ್ದು ತಿಪಟೂರಿನ ಮಧ್ಯಾಹ್ನದ ಬಸ್ಸಿನಲ್ಲಿ. ತಂದವಳು ನಮ್ಮಕ್ಕ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಒದ್ದೆ ಕರ್ಚೀಫು, ಮೂಗಿನ ಮೇಲೆ ಬಸ್ ಸ್ಟ್ಯಾಂಡಿನ ತಳ್ಳುಗಾಡಿಯಲ್ಲಿ ಕೊಂಡ ಕಡುಹಸಿರು ಕನ್ನಡಕ. ಪಿಯುಸಿ ಎರಡನೇ ವರ್ಷ ಓದುತ್ತಿದ್ದ, ಕ್ಲಾಸಿಗೇ ಮೊದಲು ಬರುತ್ತಿದ್ದ, ಬಿಗಿಯಾಗಿ ಎರಡು ಜಡೆ ಹಾಕಿಕೊಳ್ಳದೆ ಹೊಸಿಲು ದಾಟದ ನಮ್ಮಕ್ಕ ಆ ವೇಷದಲ್ಲಿ ಬಾಗಿಲಲ್ಲಿ ನಿಂತದ್ದನ್ನು ನೋಡಿ ನಾನು ಅಲ್ಲೇ ಕುಸಿದು ಕೂತು ನಕ್ಕೆ. ನನಗಾಗ ಹದಿನೈದು, ಹತ್ತನೇ ಕ್ಲಾಸು. ನಗು ತಡೆಯಲಾಗದ ವಯಸ್ಸು ಅಂತ ಈಗ ದೊಡ್ಡ ಮಾತಿನಲ್ಲಿ ಹೇಳಬಹುದು. ಆಗ ಎಲ್ಲರೂ ಅದಕ್ಕೆ ಹೇಳುತ್ತಿದ್ದದ್ದು ಕೊಬ್ಬು ಅಂತ.

"ಹಾಸ್ಟೆಲ್ ಬಾಗ್ಲು ಹಾಕ್ಬುಟ್ರು ಕಣವ್ವ," ಅಂದಳು ಅಕ್ಕ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು. "ಎಲ್ಲಾರ್ಗೂ ಕಣ್ಣುಬೇನೆ. ನನ್ನ ನೋಡ್ಬ್ಯಾಡ್ರಿ, ನೋಡಿದ್ರೆ ನಿಮಗೂ ಅಂಟ್ತದೆ."

ನೋಡಿದರೆ ಅಂಟುತ್ತದೆ. ಎಂಬತ್ತರ ದಶಕ ಶುರುವಾದ ಹೊಸತರಲ್ಲಿ, ಯಾವ ಯಾವುದೋ ಸಮುದ್ರ ದಾಟಿ ದೇಶವನ್ನೆಲ್ಲ ಸುತ್ತಿ ಬಂದ ಆ ಕೆಂಗಣ್ಣಿನ ಬಗ್ಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆಯವರು ಒಮ್ಮತದಿಂದ ನಂಬಿದ್ದ ಮಾತು ಅದೊಂದೇ. ಬೇನೆಯವರ ಕಣ್ಣಲ್ಲಿ ಕಣ್ಣಿಟ್ಟರೆ ಮುಗಿಯಿತು, ಬೆಳಗಾಗುವಷ್ಟರಲ್ಲಿ ರೆಪ್ಪೆಗೆ ರೆಪ್ಪೆ ಮೆತ್ತಿಕೊಂಡಿರುತ್ತದೆ. ಇದು ಕೈಯಿಂದ, ಟವಲಿನಿಂದ, ದಿಂಬಿನಿಂದ ಹರಡುತ್ತದೆ ಎಂದು ಯಾರೋ ಡಾಕ್ಟರು ರೇಡಿಯೋದಲ್ಲಿ ದಿನಾ ಹೇಳುತ್ತಿದ್ದರು. ನಮ್ಮ ಮನೆಯವರೆಲ್ಲ ಅದನ್ನು ಕೂತು ಕೇಳಿ, ಹೌದಲ್ಲ ಅಂತ ತಲೆಯಾಡಿಸಿ, ಒಂದೇ ಟವಲಿನಲ್ಲಿ ಸರದಿಯಂತೆ ಮುಖ ಒರೆಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋಗುತ್ತಿದ್ದರು.

ವಾರ ಕಳೆಯುವುದರೊಳಗೆ ಮನೆ ಮನೆಯೇ ಕೆಂಪಾಯಿತು. ಮೊದಲು ಅಪ್ಪ, ಆಮೇಲೆ ಚಿಕ್ಕಪ್ಪ, ಅವ್ವ, ಕೊನೆಗೆ ಅಜ್ಜಿ. ನನ್ನೊಬ್ಬಳ ಹತ್ತಿರ ಅದು ಸುಳಿಯಲಿಲ್ಲ. ಯಾಕೆ ಬಿಟ್ಟಿತೋ ಗೊತ್ತಿಲ್ಲ. ಅಜ್ಜಿಯ ಪ್ರಕಾರ ರೋಗಕ್ಕೂ ಒಂದು ಮಾನ ಮರ್ಯಾದೆ ಅಂತ ಇರುತ್ತದೆ, ಹಲ್ಲು ಕಿಸಿಯುವವರ ಮನೆಗೆ ಅದು ಹೋಗುವುದಿಲ್ಲ.

ಆ ದಿನಗಳನ್ನು ನೆನೆದರೆ ನನಗೆ ಈಗಲೂ ಪಕ್ಕೆ ನೋಯುತ್ತದೆ. ಊರಿಗೆ ಊರೇ ಬಣ್ಣದ ಕನ್ನಡಕ ಹಾಕಿಕೊಂಡು ತಿರುಗುತ್ತಿತ್ತು. ಬಸ್ ಕಂಡಕ್ಟರಿಗೆ ಕಪ್ಪು, ಅಂಗಡಿಯವರಿಗೆ ನೀಲಿ, ನಮ್ಮ ಹೆಡ್ ಮಾಸ್ಟರಿಗೆ ಎಲ್ಲಿ ಸಿಕ್ಕಿತೋ ಏನೋ, ಗುಲಾಬಿ. ತೋಟಕ್ಕೆ ನೀರು ಕಟ್ಟುವವರು ಕನ್ನಡಕ ಹಾಕಿ ನೀರು ಕಟ್ಟುತ್ತಿದ್ದರು, ಮರ ಹತ್ತುವವರು ಕನ್ನಡಕ ಹಾಕಿ ಮರ ಹತ್ತುತ್ತಿದ್ದರು. ಅಪ್ಪನಿಗೆ ಸಿಕ್ಕಿದ್ದು ಅಗಲ ಚೌಕಟ್ಟಿನದು, ಅದು ನಿಲ್ಲದೆ ಜಾರುತ್ತಿದ್ದುದರಿಂದ ಹಿಂದಕ್ಕೆ ತೆಂಗಿನ ನಾರಿನ ಹುರಿ ಬಿಗಿದಿದ್ದರು. ನಮ್ಮ ಕರೆಯುವ ಎಮ್ಮೆ ಚಿಕ್ಕಪ್ಪನ ಹೊಸ ಮುಖ ಒಪ್ಪದೆ ಮೊದಲ ದಿನವೇ ಒದ್ದು ತಂಬಿಗೆ ಉರುಳಿಸಿತು. ಮಾರನೇ ದಿನ ಚಿಕ್ಕಪ್ಪ ಕನ್ನಡಕ ತೆಗೆದು ಕೂತ. ಅದರ ಮಾರನೇ ದಿನ ಎಮ್ಮೆಯ ಕಣ್ಣಲ್ಲಿ ನೀರು ಕಂಡು, ಅದಕ್ಕೂ ಅಂಟಿಸಿಬಿಟ್ಟೆನಲ್ಲ ಎಂದು ಎರಡು ಹೊತ್ತು ಊಟ ಬಿಟ್ಟ. ಎಮ್ಮೆ ಮಾತ್ರ ಎಂದಿನಂತೆ ಎರಡೂ ಹೊತ್ತು ಮೇಯಿತು.

ಔಷಧಿಯದು ಬೇರೆಯೇ ಕಥೆ. ನಂದಿಬಟ್ಟಲ ಹೂವನ್ನು ನೀರಲ್ಲಿ ನೆನೆಹಾಕಿ ಆ ನೀರಲ್ಲಿ ಕಣ್ಣು ತೊಳೆಯುವುದು ಎಲ್ಲರೂ ಮಾಡುತ್ತಿದ್ದದ್ದು. ಆದರೆ ಅಜ್ಜಿಗೆ ಎದೆಹಾಲೇ ಆಗಬೇಕು. ಹಿತ್ತಲ ಮನೆಯಲ್ಲಿ ಒಬ್ಬ ಬಾಣಂತಿ ಇದ್ದಳು. ಬೆಳಿಗ್ಗೆ ಎದ್ದರೆ ಅವರ ಬಾಗಿಲ ಮುಂದೆ ಬೀದಿಯ ಹೆಂಗಸರೆಲ್ಲ ಮುಖ ಆಚೆ ಈಚೆ ತಿರುಗಿಸಿಕೊಂಡು ಸಾಲು ನಿಂತಿರುತ್ತಿದ್ದರು. ಕಣ್ಣು ಚೆನ್ನಾಗಿದ್ದವಳು ನಾನೊಬ್ಬಳಾದ್ದರಿಂದ ಮಗುವಿಗೆ ಹಾಲು ಕುಡಿಸುವ ಪುಟ್ಟ ಒಳಲೆ ಹಿಡಿದು ಹೋಗಿ ಬರುವ ಕೆಲಸ ನನ್ನದು. ಅಪ್ಪ ಜಗಲಿಯ ಮೇಲೆ ಅಂಗಾತ ಮಲಗುವರು. ಊರಿನ ಪಂಚಾಯ್ತಿ ಮಾಡುವ, ದಪ್ಪ ಮೀಸೆಯ ಅಪ್ಪ. ನಾನು ಒಂದೊಂದೇ ತೊಟ್ಟು ಕಣ್ಣಿಗೆ ಬಿಡಬೇಕು. ನಗು ಬಂದು ಕೈ ನಡುಗಿ ಹಾಲು ಮೀಸೆಗೆ ಬೀಳುವುದು.

"ಕಣ್ಣಿಗೆ ಬುಡೇ," ಅನ್ನುವರು ಅಪ್ಪ, ಹಲ್ಲು ಕಚ್ಚಿಕೊಂಡು.

"ಬುಡ್ತಾ ಇದೀನಿ ಕಣಪ್ಪ, ನೀನು ಮೀಸೆ ಅಲ್ಲಾಡಿಸ್ಬ್ಯಾಡ."

ಅಡುಗೆಮನೆಯಿಂದ ಅವ್ವನಿಗೂ ನಗು ಬರುವುದು, ಆದರೆ ಬಗ್ಗಿ ನೋಡುವ ಹಾಗಿಲ್ಲ. ಎಲ್ಲರೂ ಗೋಡೆಗೆ ಮಾತಾಡುವರು, ಕಂಬಕ್ಕೆ ಉತ್ತರ ಕೊಡುವರು. ಊಟದ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ಸಾಲಾಗಿ ಕೂತವರ ಬೆನ್ನಿಗೆ ನಾನು ಮುದ್ದೆ ಬಡಿಸಬೇಕು. ಅಜ್ಜಿಯ ಸಾರನ್ನು ಚಿಕ್ಕಪ್ಪನ ತಟ್ಟೆಗೆ ಹಾಕಿದರೆ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ನಾಲ್ಕಾರು ಸಲ ಬೇಕೆಂದೇ ಹಾಕಿದೆ.

ಇನ್ನು ಅಕ್ಕನ ವಿಷಯ. ಅದನ್ನು ಹೇಳಬೇಕಾದರೆ ನಮ್ಮ ಕಾಯಿಮನೆಯ ವಿಷಯ ಹೇಳಬೇಕು. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಮಾರುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸುತ್ತೇವೆ. ಗಾಳಿಯಾಡುವ ಕತ್ತಲಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಅದರ ಪಾಡಿಗೆ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ತಾನೇ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಟಗಟ ಅನ್ನುತ್ತದೆ. ಅಲ್ಲಿಯವರೆಗೆ ಯಾರೂ ಮುಟ್ಟಬಾರದು, ಉರುಳಿಸಬಾರದು, ಆಯಿತೋ ಇಲ್ಲವೋ ಅಂತ ಹತ್ತಿ ಹತ್ತಿ ನೋಡಬಾರದು. ಅಪ್ಪ ಹುಟ್ಟಿದಾಗಿನಿಂದ ಕಂಡದ್ದು ಇದನ್ನೇ. ಹಾಗಾಗಿ ಅವರ ಪಾಲಿಗೆ ಲೋಕದ ಎಲ್ಲ ತೊಂದರೆಗೂ ಮದ್ದು ಒಂದೇ. ಚಿಕ್ಕಪ್ಪ ಮುನಿಸಿಕೊಂಡು ಮಾತು ಬಿಟ್ಟರೆ, ನಾನು ಲೆಕ್ಕದಲ್ಲಿ ಫೇಲಾದರೆ, ಕರು ಹಾಲು ಕುಡಿಯದಿದ್ದರೆ, ಏನೇ ಆದರೂ ಅಪ್ಪ ಹೇಳುತ್ತಿದ್ದದ್ದು, "ಅದರ ಪಾಡಿಗೆ ಬುಡ್ರೀ, ತಾನೇ ಹದಕ್ಕೆ ಬತ್ತದೆ."

ಬಂದ ದಿನ ಅಕ್ಕನಿಗೆ ಬೆಳಕು ಕಂಡರೆ ಆಗುತ್ತಿರಲಿಲ್ಲ. ಕಾಯಿಮನೆಯಲ್ಲಿ ಅಟ್ಟದ ಕೆಳಗಿನ ಕೋಣೆ ತಂಪು, ಕಿಟಕಿ ಇಲ್ಲ. ಅಲ್ಲಿ ಚಾಪೆ ಹಾಸಿಕೊಟ್ಟರು. ಮಳೆಗಾಲದಲ್ಲಿ ಅಟ್ಟಕ್ಕೆ ಶೀತ ಹತ್ತದಿರಲಿ ಎಂದು ಕೆಳಗೆ ಸಿಪ್ಪೆಯ ಹೊಗೆ ಹಾಕುವುದು ವಾಡಿಕೆ. ಮಗಳ ಕಣ್ಣಿಗೆ ಹೊಗೆ ತಾಗುತ್ತದೆಂದು ಆ ಸಲ ಅಪ್ಪ ಹೊಗೆಯನ್ನೇ ಹಾಕಲಿಲ್ಲ. ಕಾಯಿ ಕೆಟ್ಟರೂ ಕೆಡಲಿ ಅಂದರು. ಅಪ್ಪನ ಬಾಯಲ್ಲಿ ಆ ಮಾತು ಬರುವುದೆಂದರೆ ಅದಕ್ಕಿಂತ ದೊಡ್ಡ ಪ್ರೀತಿ ನಾನು ಕಂಡಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಡೆದದ್ದಕ್ಕೆ ಅವರನ್ನು ಯಾರೂ ಕಲ್ಲು ಮನಸ್ಸಿನವರು ಅನ್ನಬಾರದು.

ದಿನ ಕಳೆದಂತೆ ಎಲ್ಲರ ಕಣ್ಣೂ ತಿಳಿಯಾದವು. ಕನ್ನಡಕಗಳು ಮಕ್ಕಳ ಆಟಕ್ಕೆ ಹೋದವು. ನಮ್ಮ ಸ್ಕೂಲು ತೆರೆಯಿತು. ಅಕ್ಕನ ಹಾಸ್ಟೆಲೂ ತೆರೆಯಿತು. ಅಕ್ಕ ಮಾತ್ರ ಕಾಯಿಮನೆ ಬಿಟ್ಟು ಏಳಲಿಲ್ಲ. ಮೊದಮೊದಲು, "ಇನ್ನೊಂದ್ ವಾರ ಹೋಗ್ಲಿ ಕಣವ್ವ" ಅನ್ನುತ್ತಿದ್ದಳು. ಆಮೇಲೆ ಅದನ್ನೂ ಅನ್ನಲಿಲ್ಲ. ಊಟ ಇಟ್ಟರೆ ಉಣ್ಣುವಳು, ಕೆಲವು ದಿನ ಹಾಗೇ ಬಿಡುವಳು. ನಸುಕಿನಲ್ಲಿ ಯಾರೂ ಏಳುವ ಮೊದಲೇ ಹಿತ್ತಲಿಗೆ ಹೋಗಿ ಬಂದು ಮತ್ತೆ ಒಳಸೇರುವಳು. ಟ್ರಂಕಿನಲ್ಲಿದ್ದ ಪುಸ್ತಕ ಟ್ರಂಕಿನಲ್ಲೇ ಇದ್ದವು. ಜಡೆ ಬಿಚ್ಚಿ ಬಾಚಿಕೊಂಡದ್ದನ್ನು ನಾನು ನೋಡಲೇ ಇಲ್ಲ. ಕತ್ತಲ ಕೋಣೆಯಲ್ಲಿ, ಬೇನೆ ಹೋಗಿ ಎಷ್ಟೋ ದಿನವಾದ ಮೇಲೂ, ಆ ಹಸಿರು ಕನ್ನಡಕ ಹಾಕಿಕೊಂಡೇ ಗೋಡೆಗೆ ಒರಗಿ ಕೂತಿರುವಳು.

ಪರೀಕ್ಷೆಗೆ ಫೀಸು ಕಟ್ಟುವ ದಿನ ಹತ್ತಿರ ಬರುತ್ತಿತ್ತು. ಅದನ್ನು ಕಟ್ಟದೆ ಹೋದರೆ ಒಂದು ವರ್ಷ ಹೋಗುತ್ತದೆ. ನಮ್ಮ ಕಡೆ ಹುಡುಗಿಯೊಬ್ಬಳ ಓದಿನಲ್ಲಿ ಒಂದು ವರ್ಷ ಹೋಯಿತೆಂದರೆ ಓದೇ ಹೋದ ಹಾಗೆ. ಅಕ್ಕನಿಗೆ ಟೀಚರಾಗಬೇಕೆಂಬ ಆಸೆ ಎಷ್ಟಿತ್ತೆಂದರೆ ಚಿಕ್ಕವಳಿದ್ದಾಗ ಅಟ್ಟದ ಏಣಿಗೆ ಪಾಠ ಮಾಡುತ್ತಿದ್ದಳು. ಮೆಟ್ಟಿಲಿಗೊಂದು ಹೆಸರಿಟ್ಟು ಹಾಜರಿ ಕರೆಯುತ್ತಿದ್ದಳು. ಆ ಅಕ್ಕ ಈಗ ಪರೀಕ್ಷೆ ಎಂಬ ಮಾತು ಬಂದರೆ ಗೋಡೆ ಕಡೆ ತಿರುಗುತ್ತಿದ್ದಳು.

ಮನೆಯವರಿಗೆ ಇದರಲ್ಲಿ ಏನೂ ಕಾಣಲಿಲ್ಲ. ಬಂದು ಹೋಗುವ ನೆಂಟರಿಗೆ ಅವ್ವ ಹೆಮ್ಮೆಯಿಂದ ಹೇಳುವರು, "ದೊಡ್ಡೋಳು ಬಂಗಾರ ಕಣ್ರೀ, ಇದ್ದಾಳೋ ಇಲ್ವೋ ಗೊತ್ತಾಗಲ್ಲ." ಅಪ್ಪ, "ಅದರ ಪಾಡಿಗೆ ಬುಡು, ಸುಧಾರಿಸ್ಕೊಳ್ಲಿ" ಅನ್ನುವರು. ಅಟ್ಟದ ಮೇಲೆ ಕಾಯಿ, ಅಟ್ಟದ ಕೆಳಗೆ ಮಗಳು, ಇಬ್ಬರನ್ನೂ ಒಂದೇ ನಂಬಿಕೆಯಲ್ಲಿ ಬಿಟ್ಟಿದ್ದರು.

ಅದೇ ದಿನಗಳಲ್ಲಿ ಅಜ್ಜಿಯ ಎಡಗಣ್ಣು ಮಂಕಾಯಿತೆಂಬ ಸುದ್ದಿಯೂ ಹೊರಟದ್ದು. ಅಜ್ಜಿ ಅಂದರೆ ಕಾಯಿಮನೆಯ ಬಾಗಿಲು, ಬಾಗಿಲೆಂದರೆ ಅಜ್ಜಿ. ಹದವಾಗಿ ಇಳಿದ ಕಾಯಿಯ ಚಿಪ್ಪನ್ನು ಮಚ್ಚಿನಿಂದ ಒಡೆದು, ಒಳಗಿನ ಉಂಡೆಗೆ ಒಂದು ಗೀರೂ ಬೀಳದ ಹಾಗೆ ಬಿಡಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಆ ಮಚ್ಚನ್ನು ಅವರು ಸೊಸೆಗೂ ಕೊಟ್ಟವರಲ್ಲ. ಒಂದು ದಿನ ಏಟು ತಪ್ಪಿ ಬೆರಳಿಗೆ ತಾಗಿತು. ಅಪ್ಪ ಓಡಿ ಬಂದು ಏನಾಯಿತೆಂದು ಕೇಳಿದರೆ ಅಜ್ಜಿ ಬೆರಳು ಬಾಯಲ್ಲಿಟ್ಟುಕೊಂಡೇ, "ಎಡಗಣ್ಣು ಮಬ್ಬಾಗೈತೆ ಕಣಪ್ಪ. ಹಾಸ್ಟೆಲಿಂದ ಬಂದ ಬ್ಯಾನೆ, ಏನಾದ್ರೂ ತಗೊಂಡೇ ಹೋಗ್ತದೆ. ವಾಸಿಯಾಗ್ತದೆ ಬುಡು" ಅಂದರು. ಅಂದು ಮತ್ತೊಂದು ಕಾಯಿ ಎತ್ತಿಕೊಂಡರು. ಬಾಗಿಲ ಒಳಗೆ ಅಕ್ಕ ಕೂತಿದ್ದಳು. ಅವಳು ಏಳುವುದನ್ನು, ಮಾತಾಡುವುದನ್ನು ಪೂರ್ತಿ ಬಿಟ್ಟದ್ದು ಅದಾದ ಮೇಲೆಯೇ. ನಮಗ್ಯಾರಿಗೂ ಎರಡನ್ನೂ ಸೇರಿಸಿ ನೋಡಬೇಕೆಂದು ಹೊಳೆಯಲಿಲ್ಲ.

ಎಲ್ಲರಿಗೂ ಚಿಂತೆ ಇದ್ದದ್ದು ನನ್ನದು. ನನಗೆ ನಗುವ ರೋಗ ಬಂದಿತ್ತು. ಮೊದಲಿನಿಂದಲೂ ನಗುತ್ತಿದ್ದವಳೇ ನಿಜ, ಆದರೆ ಈಗಿನದು ಬೇರೆ ಥರ. ಸ್ಕೂಲಿನ ಪ್ರಾರ್ಥನೆಯಲ್ಲಿ ಕೈ ಮುಗಿದು ನಿಂತರೆ ಹೆಡ್ ಮಾಸ್ಟರ ಗುಲಾಬಿ ಕನ್ನಡಕ ನೆನಪಾಗಿ ಸಾಲಿನಿಂದ ಹೊರಗೆ ಬೀಳುತ್ತಿದ್ದೆ. ಅವ್ವ ಚಪಾತಿ ಲಟ್ಟಿಸಿದರೆ ನಗು. ಚಿಕ್ಕಪ್ಪ ಸೀನಿದರೆ ನಗು. ಕೆಂಕೆರೆಯ ನೆಂಟರ ಮನೆಯಲ್ಲಿ ಸಾವಾಗಿ ಹೋದಾಗ ಅಳುತ್ತಿದ್ದ ಹೆಂಗಸರ ನಡುವೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಯುವಷ್ಟು ನಕ್ಕೆ. ಪಾಪ, ಎಷ್ಟು ಹಚ್ಚಿಕೊಂಡಿದ್ದಾಳೆ ನೋಡಿ ಎಂದು ಒಬ್ಬರು ಬೆನ್ನು ಸವರಿದರು. ಅದಕ್ಕೆ ಇನ್ನಷ್ಟು ನಗು ಬಂತು.

ಆ ನಗು ಸುಖದ್ದಲ್ಲ. ಸ್ಕೂಲಿನಿಂದ ಬಂದವಳೇ ಕಾಯಿಮನೆಯ ಬಾಗಿಲಿಗೆ ಹೋಗಿ ಅವತ್ತಿನದನ್ನೆಲ್ಲ ಅಕ್ಕನಿಗೆ ಅಭಿನಯ ಮಾಡಿ ತೋರಿಸುತ್ತಿದ್ದೆ. ಮೇಷ್ಟರ ಹಾಗೆ ನಡೆದೆ, ಎಮ್ಮೆಯ ಹಾಗೆ ಒದ್ದೆ. ಕತ್ತಲಲ್ಲಿ ಎರಡು ಹಸಿರು ಗಾಜು ನನ್ನ ಕಡೆ ಒಂದು ಸಲ ತಿರುಗಿ ಮತ್ತೆ ಗೋಡೆಗೆ ಹೋಗುತ್ತಿದ್ದವು. ಹಿಂದೆಲ್ಲ ನನ್ನ ಕಪಿಚೇಷ್ಟೆಗೆ ಮೊದಲು ಬಯ್ಯುವವಳು ಅಕ್ಕ, ಬಯ್ದು ಮುಗಿಸುವ ಮೊದಲೇ ನಗುವವಳೂ ಅಕ್ಕ. ಈಗ ಬಯ್ಗುಳವೂ ಇಲ್ಲ. ಆ ಸದ್ದಿಲ್ಲದ ಕೋಣೆಗೆ ನನಗೆ ಹೆದರಿಕೆಯಾಗುತ್ತಿತ್ತು. ಹೆದರಿಕೆಯಾದಷ್ಟೂ ಇನ್ನೂ ಜೋರಾಗಿ ನಗುತ್ತಿದ್ದೆ.

ಬೆಳೆದ ಹುಡುಗಿ ಹೀಗೆ ನಕ್ಕರೆ ಜನ ಏನೆಂದಾರು ಎಂದು ಮನೆಯಲ್ಲಿ ಮಾತಾಯಿತು. ತಾನೇ ಹದಕ್ಕೆ ಬರುತ್ತಾಳೆ ಎಂದು ಅಪ್ಪ ಎಂದಿನಂತೆ ಅಂದರೂ ಈ ಸಲ ಅವ್ವ ಕೇಳಲಿಲ್ಲ. ತುರುವೇಕೆರೆ ದಾರಿಯಲ್ಲಿ ಒಬ್ಬ ಅಯ್ನೋರು ಇದ್ದಾರೆ, ಗಾಳಿ ಗೀಳಿ ಸೋಕಿದವರಿಗೆ ತಾಯಿತ ಕಟ್ಟುತ್ತಾರೆ ಎಂದು ಯಾರೋ ಹೇಳಿದ್ದರು. ಒಂದು ಸೋಮವಾರ ನನ್ನನ್ನು ಬಸ್ಸಿಗೆ ಹತ್ತಿಸಿದರು. ಹೊರಡುವಾಗ ಅವ್ವ ಕಾಯಿಮನೆ ಕಡೆಗೆ, "ಬತ್ತೀವಿ ಕಣವ್ವ, ತಂಗಿಗೆ ಒಸಿ ತೋರಿಸ್ಕೊಂಡು ಬತ್ತೀವಿ" ಎಂದು ಕೂಗಿ ಹೇಳಿದರು.

ಅಯ್ನೋರ ಮನೆಯ ಪಡಸಾಲೆಯಲ್ಲಿ ನಮ್ಮ ಸರದಿ ಬಂತು. ನಾನು ನಿಜವಾಗಿಯೂ ನಗಬಾರದೆಂದು ತುಟಿ ಕಚ್ಚಿಕೊಂಡು ಹೋಗಿದ್ದೆ. ತಲೆಯೆತ್ತಿ ನೋಡಿದರೆ ಹಣೆಯ ತುಂಬ ವಿಭೂತಿ, ಎದೆಯ ತುಂಬ ರುದ್ರಾಕ್ಷಿ, ಮೂಗಿನ ಮೇಲೆ ಕರೀ ಕನ್ನಡಕ. ಬೇನೆ ಅವರ ಹಳ್ಳಿಗೆ ಸ್ವಲ್ಪ ತಡವಾಗಿ ಹೋಗಿತ್ತು. ನಾನು ಚಾಪೆಯ ಮೇಲೆ ಉರುಳಿದೆ. ಅವರು ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು ನನ್ನ ತೋಳು ಹುಡುಕಿದರು, ಕಂಬ ಸಿಕ್ಕಿತು. ಕಂಬಕ್ಕೆ ತಾಯಿತ ಕಟ್ಟಲು ಹೊರಟಿದ್ದರು. ಅವ್ವ ಅವರ ಕೈ ಹಿಡಿದು ನನ್ನ ತೋಳಿಗೆ ದಾಟಿಸಿದರು.

"ಯಾಕವ್ವ ಹಿಂಗೆ ನಗ್ತೀಯ?" ಅಂದರು ಅಯ್ನೋರು, ದಾರಕ್ಕೆ ಗಂಟು ಹಾಕುತ್ತಾ.

ಆ ಪ್ರಶ್ನೆಯನ್ನು ನನಗೆ ಅಲ್ಲಿಯವರೆಗೆ ಎಲ್ಲರೂ ಬಯ್ಗುಳವಾಗಿ ಕೇಳಿದ್ದರು. ಉತ್ತರ ಬೇಕು ಅನ್ನುವ ಹಾಗೆ ಕೇಳಿದವರು ಅವರೊಬ್ಬರೇ. ನಗುನಗುತ್ತಲೇ ನನ್ನ ಬಾಯಿಂದ ಬಂತು.

"ಅಕ್ಕ ಮಾತಾಡ್ತಿಲ್ಲ ಕಣ್ರೀ. ಕತ್ತಲಲ್ಲಿ ಕನ್ನಡಕ ಹಾಕ್ಕೊಂಡು ಕೂತವ್ಳೆ. ಮನೇಲಿ ಯಾರೂ ಅವಳ ಬಗ್ಗೆ ಏನೂ ಅನ್ನಲ್ಲ. ನಾನೂ ಸುಮ್ನಾದ್ರೆ ಅವಳು ಸತ್ತೋಗ್ತಾಳೆ ಅನ್ನಿಸ್ತದೆ. ಅದಕ್ಕೆ ನಗ್ತೀನಿ."

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಅಲ್ಲಿಯತನಕ ನನಗೂ ಅದು ಗೊತ್ತಿರಲಿಲ್ಲ. ಅಯ್ನೋರು ಗಂಟು ಬಿಗಿದು, "ಹಂಗಾದ್ರೆ ಇನ್ನೊಂದು ತಾಯಿತ ಕಟ್ಕೊಡ್ಲಾ, ತಗೊಂಡು ಹೋಗಿ ಅವಳಿಗೂ ಕಟ್ತೀರಾ?" ಎಂದು ಅವ್ವನ ಕಡೆ ತಿರುಗಿದರು. ಅವ್ವ ಅಲ್ಲಿರಲಿಲ್ಲ. ಆಗಲೇ ಎದ್ದು ಚಪ್ಪಲಿ ಮೆಟ್ಟಿ ರಸ್ತೆಗೆ ಹೋಗಿದ್ದರು.

ಬಸ್ಸಿನಲ್ಲಿ ಅವ್ವ ಕಿಟಕಿಯಾಚೆಯ ತೋಟಗಳನ್ನು ನೋಡುತ್ತಾ ಕೂತಿದ್ದರು. ಅತ್ತ ನೋಡುತ್ತಲೇ, "ಅವಳ ಮುಖ ನೋಡಿ ಎಷ್ಟು ದಿನ ಆಯ್ತೇ?" ಅಂದರು. "ನಾನು ಅವಳ ತಟ್ಟೆ ನೋಡ್ತಿದ್ದೆ, ಉಂಡವ್ಳೋ ಇಲ್ವೋ ಅಂತ. ಮುಖ ನೋಡ್ಲೇ ಇಲ್ಲ," ಅಂದು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಉಳಿದ ದಾರಿಯೆಲ್ಲ, ಡ್ರೈವರು ನಿಧಾನ ಮಾಡುತ್ತಾನೆಂದು ಅವನನ್ನು ಬಯ್ದರು.

ಮನೆಗೆ ಬಂದವರು ಕಾಲೂ ತೊಳೆಯಲಿಲ್ಲ. ನೇರ ಕಾಯಿಮನೆಗೆ ನಡೆದರು. ಬಾಗಿಲಲ್ಲಿ ಅಜ್ಜಿ ಚಿಪ್ಪು ಬಿಡಿಸುತ್ತಿದ್ದರು, ಚಿಕ್ಕಪ್ಪ ಕೊಬ್ಬರಿಯನ್ನು ಚೀಲಕ್ಕೆ ತುಂಬುತ್ತಿದ್ದ. ಅಂಗಳದಲ್ಲಿದ್ದ ಅಪ್ಪ ಅವ್ವನ ನಡಿಗೆ ನೋಡಿಯೇ ಹಿಂದೆ ಬಂದರು.

"ಅದರ ಪಾಡಿಗೆ ಬುಡೇ ಅಂದ್ರೆ..."

"ನನ್ನ ಮಗಳೇನು ಕಾಯಾ, ಹಂಗೇ ಬುಡೋಕೆ?" ಅಂದರು ಅವ್ವ. ಅಪ್ಪ ಅಲ್ಲೇ ನಿಂತರು.

ಅವ್ವ ಚಾಪೆಯ ಮೇಲೆ ಅಕ್ಕನ ಎದುರಿಗೆ ಕೂತು ಕನ್ನಡಕಕ್ಕೆ ಕೈ ಹಾಕಿದರು. ಅಕ್ಕ ಎರಡೂ ಕೈಯಲ್ಲಿ ಅದನ್ನು ಅದುಮಿ ಹಿಡಿದು ಮೂಲೆಗೆ ಸರಿದಳು. ಎಷ್ಟು ದಿನದ ಮೇಲೋ ಅವಳ ದನಿ ಕೇಳಿತು. ಬಳಸದೆ ಬಿಟ್ಟ ದನಿ, ಒಡೆದು ಬಂತು.

"ಬ್ಯಾಡ ಕಣವ್ವ. ನೋಡ್ಬ್ಯಾಡ."

"ಬ್ಯಾನೆ ಹೋಗಿ ಎಷ್ಟು ಕಾಲ ಆಯ್ತೇ, ನಂಗೂ ಬಂದೋಯ್ತು, ಇನ್ನೇನೈತೆ ಅಂಟೋಕೆ?"

"ಅಜ್ಜಿ ಕಣ್ಣು ಹೋಯ್ತಲ್ಲ. ನಾನು ತಂದದ್ದು ತಾನೆ? ನಾನು ಬಸ್ಸು ಹತ್ತದೆ ಇದ್ದಿದ್ರೆ ಅಜ್ಜಿಗೆ ಕಣ್ಣಿರ್ತಿತ್ತು. ಇನ್ನು ಯಾರ ಕಣ್ಣು ತೆಗೀಲಿ ಹೇಳು. ಓದೋದು ಬರೆಯೋದು ಏನೂ ಬ್ಯಾಡ ನಂಗೆ. ಇಲ್ಲೇ ಬುಟ್ಟುಬುಡ್ರಿ."

ಬಾಗಿಲಲ್ಲಿ ಮಚ್ಚಿನ ಸದ್ದು ನಿಂತಿತು. ಅಜ್ಜಿ ಎದ್ದು ಚೌಕಟ್ಟು ಹಿಡಿದು ಒಳಗೆ ಬಂದರು. ನಮ್ಮ ಅಜ್ಜಿ ಮುಜುಗರಪಟ್ಟದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ತಲೆಯ ಸೆರಗನ್ನು ಎಳೆದುಕೊಂಡರು, ಮತ್ತೆ ಎಳೆದುಕೊಂಡರು.

"ಆ ಕಣ್ಣು ಈಗ ಹೋದದ್ದಲ್ಲ ಕಣವ್ವ," ಅಂದರು. "ನಿಮ್ಮಪ್ಪ ತೊಟ್ಟಿಲಲ್ಲಿದ್ದಾಗ ಹೋದದ್ದು. ಚಿಪ್ಪು ಒಡೀವಾಗ ಚೂರು ಹಾರಿ ನಟ್ಕೊಂತು. ನಮ್ಮತ್ತೆಗೆ ಗೊತ್ತಾದ್ರೆ ಮಚ್ಚು ಕಿತ್ಕೊಂಡು ಸಗಣಿ ಬಾಚೋಕೆ ಹಾಕ್ತಾಳೆ ಅಂತ ಹೇಳ್ಲಿಲ್ಲ. ಆಮ್ಯಾಕೆ ಹೇಳೋಕೆ ಹೊತ್ತೇ ಬರ್ಲಿಲ್ಲ. ಅವತ್ತು ಬೆರಳು ಕುಯ್ಕೊಂಡಾಗ ಇವನು ಯಾಕೆ ಅಂತ ಕೇಳಿದ. ಊರಿಗೆಲ್ಲ ಕಣ್ಣುಬೇನೆ, ನಂದೂ ಅದೇ ಅಂದ್ರೆ ಯಾರೂ ಹೆಚ್ಚಿಗೆ ಕೇಳಲ್ಲ ಅಂತ ಅಂದುಬುಟ್ಟೆ. ನೀನು ಒಳಗೆ ಕೇಳಿಸ್ಕೊಂತಿದ್ದೀಯ ಅಂತ ನಂಗೇನು ಗೊತ್ತು."

ಅಪ್ಪ ತಮ್ಮ ತಾಯಿಯ ಎಡಗಣ್ಣನ್ನು ಹುಟ್ಟಿದ ಮೇಲೆ ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು. ಅಷ್ಟು ವರ್ಷ ಒಂದೇ ಕಣ್ಣಲ್ಲಿ ಚಿಪ್ಪು ಒಡೆದು, ಸೂಜಿಗೆ ದಾರ ಪೋಣಿಸಲು ನಮ್ಮನ್ನು ಕರೆದು, ಮಕ್ಕಳಿಗೆ ಅಭ್ಯಾಸವಾಗಲಿ ಎಂದು ಹೇಳಿಕೊಂಡು, ಒಂದು ಮನೆಯನ್ನೇ ಆಟ ಆಡಿಸಿದ್ದರು ನಮ್ಮಜ್ಜಿ.

ಅಜ್ಜಿ ಚಿಕ್ಕಪ್ಪನ ಕಡೆ ಮಚ್ಚು ಚಾಚಿದರು. "ತಗೊಳಪ್ಪ, ಇನ್ನು ನೀನೇ ಬಿಡ್ಸು." ಚಿಕ್ಕಪ್ಪ ಏನು ಮಾಡಬೇಕೆಂದು ತೋಚದೆ ಅಪ್ಪನನ್ನು ನೋಡಿ, ಆಮೇಲೆ ತೆಗೆದುಕೊಂಡ. ಖಾಲಿಯಾದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಜ್ಜಿ ಅದನ್ನು ಸೊಂಟದ ಮೇಲೆ ಇಟ್ಟುಕೊಂಡರು. ನಿಜ ಹೇಳಬೇಕೆಂದರೆ ನನಗೆ ಅಲ್ಲೇ ಅಳು ಬರಬೇಕಿತ್ತು, ಆದರೆ ಅಷ್ಟರಲ್ಲಿ ಅಕ್ಕ ಎದ್ದು ನಿಂತಳು.

ಎದ್ದವಳೇ ಕನ್ನಡಕ ಕಿತ್ತು ಚಾಪೆಗೆ ಒಗೆದು ಅಜ್ಜಿಗೆ ಬಯ್ಯಲು ಶುರು ಮಾಡಿದಳು. "ಮುದ್ಕಿ, ಇಷ್ಟು ದಿನ ನಾನು ಇಲ್ಲಿ ಕೊಳೀತಾ ಬಿದ್ದಿದ್ರೆ ಬಾಗ್ಲಲ್ಲೇ ಕೂತ್ಕೊಂಡು ಕುಟ್ತಾ ಇದ್ದೀಯಲ್ಲ, ನಿನ್ನ ಬಾಯಿಗೆ ಏನಾಗಿತ್ತು? ಪರೀಕ್ಷೆ ಹೋಗ್ತಿತ್ತು ನಂದು. ದೇವರ ಹತ್ರ ನನ್ನ ಕಣ್ಣು ಕಿತ್ಕೊಂಡು ನಿಂಗೆ ಕೊಡು ಅಂತ ಕೇಳ್ಕೊಂತಿದ್ದೆ ಕಣೇ, ದಿನಾ ಕೇಳ್ಕೊಂತಿದ್ದೆ." ದನಿ ಏರಿತು, ಸಾಲದ್ದಕ್ಕೆ ಅಪ್ಪನಿಗೂ ಬಯ್ದಳು, ಅವ್ವನಿಗೂ ಬಯ್ದಳು, ಎಮ್ಮೆಗೂ ಒಂದು ಮಾತು ಹೋಯಿತು. ಕೂದಲು ಗಂಟಾಗಿ ಜಡೆಯ ಗುರುತೇ ಇಲ್ಲದ ತಲೆ, ಬಿಳಿಚಿಕೊಂಡ ಮುಖ, ಅದರಲ್ಲಿ ತಿಳಿಯಾಗಿ ಹೊಳೆಯುತ್ತಿದ್ದ ಎರಡು ಕಣ್ಣು. ಹಿರಿಯರಿಗೆ ಎದುರು ಮಾತಾಡಿದರೆ ಸುಮ್ಮನಿರದ ಅಪ್ಪ ಗೋಡೆಗೆ ಒರಗಿ ನಿಂತು ಹಾಡು ಕೇಳುವವರ ಹಾಗೆ ಕೇಳುತ್ತಿದ್ದರು. ಅಕ್ಕ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅಜ್ಜಿ, "ಇನ್ನೂ ಒಸಿ ಬಯ್ಯವ್ವ" ಅಂದರು. ಅವ್ವ ನಕ್ಕುಬಿಟ್ಟರು. ಚಿಕ್ಕಪ್ಪ ನಕ್ಕ. ಬಯ್ಯುತ್ತಿದ್ದ ಅಕ್ಕನೇ ತುಟಿ ಬಿಗಿಹಿಡಿಯಲಾರದೆ ನಕ್ಕಳು.

ಮನೆ ಮಂದಿಯೆಲ್ಲ ನಗುತ್ತಿರುವಾಗ ನನಗೆ ನಗು ಬರಲಿಲ್ಲ. ಎಲ್ಲಿ ಹೋಯಿತೋ ಗೊತ್ತಿಲ್ಲ. ಬಾಯಿ ತೆರೆದರೆ ಅಳು ಬಂತು. ಸಾವಿನ ಮನೆಯಲ್ಲಿ ಬಾರದ ಅಳು, ಇಷ್ಟು ದಿನ ಎಲ್ಲಿತ್ತೋ, ಬಿಕ್ಕಿ ಬಿಕ್ಕಿ ಬಂತು. ಬಾಗಿಲ ಹತ್ತಿರ ಕುಸಿದು ಕೂತು ಲಂಗದಲ್ಲಿ ಮುಖ ಮುಚ್ಚಿಕೊಂಡೆ. ಅವ್ವ ಗಾಬರಿಯಾಗಿ, "ಅಯ್ಯೋ, ಇದಕ್ಕೇನಾಯ್ತೇ ಈಗ?" ಅಂದರು.

ಅಕ್ಕ ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕೂತಳು. ಗದ್ದ ಹಿಡಿದು ಮುಖ ಎತ್ತಿದಳು.

"ನಿನ್ನ ಕಣ್ಣು ಕೆಂಪಗಾಗೈತಲ್ಲೇ," ಅಂದಳು.

"ನೋಡ್ಬ್ಯಾಡ, ಅಂಟ್ತದೆ," ಅಂದೆ, ಬಿಕ್ಕುತ್ತಲೇ.

ಅಕ್ಕ ಗದ್ದ ಬಿಡಲಿಲ್ಲ. ನನ್ನ ಅಳು ನಿಲ್ಲುವವರೆಗೂ ನೋಡುತ್ತಾ ಕೂತಿದ್ದಳು.